ಗುಳೆ ಹೋದವರ ಮತ

ಮಾನ್ಯರೇ,

ಹಳ್ಳಿಯವರು ಜಾತಿ ನೋಡಿ, ದುಡ್ಡು ಪಡೆದು ಮತ ಹಾಕುತ್ತಾರೆ ಎಂಬುದು ಬೆಂಗಳೂರಿನ ಪ್ರಗತಿಪರರ ಹಳೇ ದೂರು. ಪೂರ್ತಿ ಸುಳ್ಳೇನಲ್ಲ. ಆದರೆ 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ರಷ್ಟು ಮತದಾನವಾದರೂ ರಾಜಧಾನಿ ಶೇ 55ರ ಆಸುಪಾಸಿನಲ್ಲೇ ನಿಂತಿತು.

ನಮ್ಮ ಮಾನ್ವಿ, ಸಿರವಾರ ಕಡೆ ಮತ ಎಂದರೆ ತುಂಗಭದ್ರಾ ಎಡದಂಡೆ ನಾಲೆಯ ನೀರು ಕೊನೆಯ ಹೊಲಕ್ಕೆ ಮುಟ್ಟುತ್ತದೋ ಇಲ್ಲವೋ ಎಂಬ ಪ್ರಶ್ನೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಭತ್ತ ನಂಬಿದವರಿಗೆ ನಿದ್ದೆಯಿರಲಿಲ್ಲ. ಸಂವಿಧಾನದ ಉಪನ್ಯಾಸಕ್ಕೆ ಇಲ್ಲಿಗೆ ಬರುವವರು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿ ಕೊಡುವ 371(ಜೆ) ವಿಧಿಯಡಿಯ ಖಾಲಿ ಹುದ್ದೆಗಳ ಬಗ್ಗೆಯೂ ಮಾತಾಡಲಿ. ಅದೂ ಸಂವಿಧಾನದಲ್ಲೇ ಇದೆಯಲ್ಲ! ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಗುಳೆಯವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ; ಮತ ಹಾಕಲು ರಾತ್ರಿ ಬಸ್ ಹತ್ತಿ ಊರಿಗೆ ಬರುತ್ತಾರೆ. ಯಾಕೆಂದು ಅವರನ್ನೇ ಕೇಳಬಹುದು, ದೂರವೇನಿಲ್ಲ.

– ಓದುಗ, ಮಾನ್ವಿ, ರಾಯಚೂರು ಜಿಲ್ಲೆ