ಯಾರು ತಳ್ಳಿದರು?

ಕೋಥ್ರೂಡ್, ಪುಣೆ

ಪುಟ್ಟಿ,

ಅಣುವೂ ಅಣೆಕಟ್ಟಿನ ಬಾಗಿಲೂ ಹೇಗೆ ‘ಹೊಂದಿಕೊಳ್ಳುತ್ತವೆ’ ಎಂಬ ನಿನ್ನ ಲೇಖನ ಬಂದು ಎಂಟು ದಿನವಾಯಿತು. ಎರಡು ಸಲ ಓದಿದೆ, ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ. ಎರಡನೆಯ ಸಲ ಸಿಟ್ಟು ಕಡಿಮೆಯಿತ್ತು. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಬರೆದಳು ಅಂತ ನಿಮ್ಮಪ್ಪ ಹೇಳಿದ. ಹೌದಿರಬೇಕು, ವಾಕ್ಯಗಳೂ ಒಂದರ ಮೈಮೇಲೊಂದು ಬಿದ್ದಿವೆ.

ಮೊದಲು ಒಂದು ಪದದ ಜಗಳ ಮುಗಿಸಿಬಿಡುತ್ತೇನೆ. ‘ವಿನ್ಯಾಸ’ ಅಂತ ಹದಿನೇಳು ಕಡೆ ಬರೆದಿದ್ದೀಯ. ಅಣುವಿಗೂ ಅದೇ, ಅಣೆಕಟ್ಟಿನ ಬಾಗಿಲಿಗೂ ಅದೇ, ನಿಮ್ಮ ಆಫೀಸಿನ ಸರ್ವರ್ ಸೆಟ್ಟಿಂಗಿಗೂ ಅದೇ. ರಸಾಯನಶಾಸ್ತ್ರದವರು ಕಾನ್ಫಿಗರೇಶನ್, ಕಾನ್ಫರ್ಮೇಶನ್ ಎಂದು ಎರಡು ಮಾತು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಎಡಗಾಲಿನ ಚಪ್ಪಲಿಯನ್ನು ಹೇಗೆ ತಿರುಗಿಸಿದರೂ ಅದು ಬಲಗಾಲಿನದಾಗದು. ಬಿಚ್ಚಿ ಹೊಸದಾಗಿ ಹೊಲಿಯಬೇಕು. ಬಂಧ ಮುರಿಯದೆ ಬದಲಾಗದ ಅಂಥ ಜೋಡಣೆ ಕಾನ್ಫಿಗರೇಶನ್. ಇನ್ನೊಂದು, ಕಾನ್ಫರ್ಮೇಶನ್, ಬಂಧ ಮುರಿಯದೆ ಬರೀ ತಿರುಚಿಕೊಳ್ಳುವುದು. ನೀನು ಕೂತರೂ ನೀನೇ, ನಿಂತರೂ ನೀನೇ. ಇದಕ್ಕೆ ನಾನು ‘ಭಂಗಿ’ ಅನ್ನುತ್ತೇನೆ. ಮೇಷ್ಟರುಗಳು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ನಿನ್ನ ಸೈಕ್ಲೋಹೆಕ್ಸೇನ್. ಆರು ಕಾರ್ಬನ್ನಿನ ಆ ಉಂಗುರ ‘ಕುರ್ಚಿಯಿಂದ ದೋಣಿಯಾಗಿ, ದೋಣಿಯಿಂದ ಕುರ್ಚಿಯಾಗಿ ಸದಾ ನರ್ತಿಸುತ್ತಿರುತ್ತದೆ’ ಎಂದು ಬರೆದಿದ್ದೀಯ. ಉಂಗುರದ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಬಾಗಿದರೆ ಕುರ್ಚಿ, ಎರಡೂ ಮೇಲೆ ಬಾಗಿದರೆ ದೋಣಿ. ಓದಿದವನಿಗೆ ಅರ್ಧ ಹೊತ್ತು ಕುರ್ಚಿ, ಅರ್ಧ ಹೊತ್ತು ದೋಣಿ ಅನ್ನಿಸುತ್ತದೆ. ಹಾಗಲ್ಲ. ಯಾವ ಗಳಿಗೆಯಲ್ಲಿ ನೋಡಿದರೂ ಸಾವಿರದಲ್ಲಿ 999ಕ್ಕೂ ಹೆಚ್ಚು ಅಣುಗಳು ಕುರ್ಚಿಯಾಗಿಯೇ ಇರುತ್ತವೆ. ದೋಣಿ ದಾರಿಯಲ್ಲಿ ಸಿಗುವ ಭಂಗಿ, ಕರ್ಜತ್ ದಾಟಿದ ಮೇಲಿನ ಘಾಟ್ ಇದ್ದ ಹಾಗೆ. ಅಲ್ಲಿ ಯಾರೂ ಮನೆ ಮಾಡುವುದಿಲ್ಲ. ಆದರೂ ನಮ್ಮ ಕೋಣೆಯ ಬಿಸಿಯಲ್ಲಿ ಒಂದು ಕುರ್ಚಿ ಮಗುಚಿ ಇನ್ನೊಂದು ಕುರ್ಚಿಯಾಗುವುದು ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ! ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಬರಬೇಕು, ಕಷ್ಟ ಇರುವುದು ಅಲ್ಲೇ.

ಇದನ್ನು ಹೇಗೆ ಕಂಡರು ಅನ್ನುವುದನ್ನು ನೀನು ಒಂದೇ ಸಾಲಿನಲ್ಲಿ ಹಾರಿಸಿದ್ದೀಯ. ನನಗೆ ಬೇಕಾಗಿದ್ದದ್ದೇ ಅದು. ಎನ್‌ಎಂಆರ್ ಎಂಬ, ಬಲವಾದ ಅಯಸ್ಕಾಂತದ ನಡುವೆ ಹೈಡ್ರೋಜನ್ನುಗಳ ಸುತ್ತಣ ಪರಿಸರವನ್ನು ಗೆರೆಗಳಾಗಿ ತೋರಿಸುವ ಯಂತ್ರದಲ್ಲಿಟ್ಟರೆ ಇದರ 12 ಹೈಡ್ರೋಜನ್ನುಗಳೂ ಸೇರಿ ಒಂದೇ ಗೆರೆ ಕಾಣಿಸುತ್ತದೆ. ತಿರುಗುವ ಫ್ಯಾನಿನ ರೆಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲವಲ್ಲ, ಹಾಗೆ. ದ್ರಾವಕದಲ್ಲಿ ಕರಗಿಸಿ ಮೈನಸ್ 100 ಡಿಗ್ರಿ ಆಸುಪಾಸಿಗೆ ತಣಿಸು. ಮಗುಚುವುದು ನಿಧಾನವಾಗಿ ಗೆರೆ ಎರಡಾಗುತ್ತದೆ: ಆರು ಹೈಡ್ರೋಜನ್ ಮೇಲೆ ಕೆಳಗೆ ನೆಟ್ಟಗೆ ನಿಂತವು, ಆರು ಪಕ್ಕಕ್ಕೆ ಚಾಚಿದವು. ಒಮ್ಮೆ ಮಗುಚಿದರೆ ನಿಂತವು ಚಾಚುತ್ತವೆ, ಚಾಚಿದವು ನಿಲ್ಲುತ್ತವೆ. ‘ಸದಾ ನರ್ತನ’ಕ್ಕಿಂತ ಈ ತಣಿಸುವ ಕೆಲಸಕ್ಕೆ ಎರಡು ಪುಟ ಕೊಡು.

ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಸಾಕ್ಸೆಯನ್ನೂ ಬಿಟ್ಟಿದ್ದೀಯ, ಅದಕ್ಕೆ ಕ್ಷಮೆಯಿಲ್ಲ. ಈ ಉಂಗುರ ಚಪ್ಪಟೆಯಲ್ಲ ಎಂದು ಆತ 1890ರಲ್ಲೇ ಬರೆದ. ಬರೆದದ್ದು ಗಣಿತದ ಭಾಷೆಯಲ್ಲಿ, ರಸಾಯನದವರ ಗಂಟಲಲ್ಲಿ ಇಳಿಯಲಿಲ್ಲ. 1893ರಲ್ಲಿ ತೀರಿಕೊಂಡ, ವಯಸ್ಸು ಮೂವತ್ತರ ಆಸುಪಾಸು. 1918ರಲ್ಲಿ ಮೋರ್ ಎಂಬಾತ ಅದೇ ಮಾತನ್ನು ಮತ್ತೆ ಎತ್ತಿದ. 1950ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಡೆರೆಕ್ ಬಾರ್ಟನ್ ಕೆಲವೇ ಪುಟಗಳಲ್ಲಿ ಭಂಗಿಗೂ ಅಣುವಿನ ವರ್ತನೆಗೂ ಇರುವ ನಂಟನ್ನು ತೋರಿಸಿದಾಗ ಎಲ್ಲರಿಗೂ ಹೊಳೆಯಿತು. 1969ರ ನೊಬೆಲ್ ಬಾರ್ಟನ್‌ಗೆ ಮತ್ತು ಇದೇ ವಿಷಯದಲ್ಲಿ ದುಡಿದ ನಾರ್ವೆಯ ಓಡ್ ಹ್ಯಾಸೆಲ್‌ಗೆ. ನಾನು ಬಾರ್ಟನ್ ಪಕ್ಷವಾದರೂ ಸಾಕ್ಸೆ ನೆನಪಾದರೆ ಸಂಕಟವಾಗುತ್ತದೆ.

ಇನ್ನು ನಿನ್ನ ಎರಡನೆಯ ಭಾಗ, ಪುಣೆ ಬಳಿಯ ಖಡಕವಾಸ್ಲಾ ಅಣೆಕಟ್ಟು. ನಮ್ಮ ವಿಶ್ವೇಶ್ವರಯ್ಯನವರು ಇದೇ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿ, 1903ರಲ್ಲಿ ಅಲ್ಲಿ ಸ್ವಯಂಚಾಲಿತ ಬಾಗಿಲು ಕೂರಿಸಿದ್ದು ಸರಿಯಾಗಿ ಬರೆದಿದ್ದೀಯ. ಆಮೇಲೆ, ‘ನೆರೆ ಬಂದುದನ್ನು ಅರಿತು ಬಾಗಿಲು ತೆರೆಯಲು ನಿರ್ಧರಿಸುತ್ತದೆ’ ಎಂದು ಬರೆದೆಯಲ್ಲ, ನಗು ಬಂತು. ಯಾಕೆಂದರೆ 1975ರಲ್ಲಿ ನಾನೂ ಅದನ್ನೇ ಬರೆದಿದ್ದೆ. ಬರೆದದ್ದನ್ನು ಕಾಲುವೆ ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕನಿಗೆ ಮರಾಠಿಯಲ್ಲಿ ಹೇಳಿದೆ. ಆತ ತಂಬಾಕು ತಿಕ್ಕುತ್ತ ಕೇಳಿದ: “ಬಾಗಿಲಿಗೆ ತಲೆ ಎಲ್ಲಿದೆ ಸಾಹೇಬರೇ? ನೀರಿಗೆ ಭಾರ ಇದೆ, ಅಷ್ಟೇ.” ಅಚ್ಚಿಗೆ ಹೋಗಿಯಾಗಿತ್ತು, ತಿದ್ದಲಾಗಲಿಲ್ಲ.

ಏರಿದ ನೀರೇ ಬಾಗಿಲನ್ನು ತೆರೆಸುತ್ತದೆ, ಇಳಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಕನ್ನಡದ ಕ್ರಿಯಾಪದ ಇಲ್ಲಿ ಎಷ್ಟು ಚುರುಕು ನೋಡು: ತೆರೆ, ತೆರೆದುಕೊಳ್ಳು, ತೆರೆಸು. ಮೂರರಲ್ಲಿ ಯಾವುದು ಅಂತ ಗೊತ್ತಾಗಬೇಕಾದರೆ ತಳ್ಳಿದ್ದು ಯಾರು ಅಂತ ಮೊದಲು ಗೊತ್ತಿರಬೇಕು. ಸಂಜೆ ಹೊತ್ತು ಠಾಣೆ ರೈಲು ನಿಲ್ದಾಣದಲ್ಲಿ ಲೋಕಲ್ ಬಾಗಿಲ ಬಳಿ ನಿಂತರೆ ನೀನು ಇಳಿಯುವುದಿಲ್ಲ, ಜನ ಇಳಿಸುತ್ತಾರೆ. ಅಣುವಿನ ಪಾಡೂ ಅದೇ, ನೆರೆಹೊರೆಯ ಅಣುಗಳ ನೂಕುನುಗ್ಗಲಿಗೆ ಮಗುಚುತ್ತದೆ, ಯಾವ ಉದ್ದೇಶವೂ ಇಲ್ಲ. ಬಾಗಿಲಿನ ಹಿಂದೆ ಮಾತ್ರ ಒಬ್ಬ ಮನುಷ್ಯನಿದ್ದಾನೆ. ನೀರು ಎಷ್ಟು ಏರಿದಾಗ, ಎಷ್ಟು ಭಾರಕ್ಕೆ ಎಷ್ಟು ಸಮಭಾರ ಎಂದು ಮೊದಲೇ ಕೂತು ಲೆಕ್ಕ ಹಾಕಿದವನು. ನಿನ್ನ ಲೇಖನದಲ್ಲಿ ಅಣುವೂ ಬಾಗಿಲೂ ಒಂದೇ ಥರ ‘ಹೊಂದಿಕೊಳ್ಳುತ್ತವೆ’. ಆ ಪದವನ್ನು ಎಲ್ಲ ಕಡೆ ಹೊಡೆದುಹಾಕಿ, ಪ್ರತಿ ಸಲವೂ ಯಾರು ತಳ್ಳಿದರು ಎಂದು ಕೇಳುತ್ತ ಮತ್ತೆ ಬರೆ. ಲೇಖನ ಅರ್ಧವಾದೀತು, ಆಗಲಿ.

ಒಂದು ಸಣ್ಣ ತಿದ್ದುಪಡಿ: 1961ರ ಜುಲೈ 12ರಂದು ಮೇಲ್ಗಡೆಯ ಪಾನಶೇತ್ ಅಣೆಕಟ್ಟು ಒಡೆದ ನೀರು ಬಡಿದು ಖಡಕವಾಸ್ಲಾ ಕಟ್ಟೆಯೂ ಒಡೆಯಿತು. ಈಗ ಅಲ್ಲಿ ನಿಂತಿರುವುದು ಆಮೇಲೆ ಕಟ್ಟಿದ್ದು. ‘ಇಂದಿಗೂ ಅದೇ ಬಾಗಿಲು’ ಅನ್ನುವ ಸಾಲು ತೆಗೆದುಬಿಡು.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬಾ. ಖಡಕವಾಸ್ಲಾ ದಂಡೆಯಲ್ಲಿ ಸುಟ್ಟ ಭುಟ್ಟಾ ತಿಂದು ಬರೋಣ. ಹಿಂದಿನ ರಾತ್ರಿ ಹೇಳು, ಕಡಲೆ ನೆನೆಸಿಡುತ್ತೇನೆ. ಸೈಕ್ಲೋಹೆಕ್ಸೇನ್ ಮಾದರಿ ಮಾಡೋಣ: ಕಾರ್ಬನ್ನಿಗೆ ಆರು ಕಡಲೆ, ಬಂಧಕ್ಕೆ ಆರು ಹಲ್ಲುಕಡ್ಡಿ, ಒಂದು ಕುರ್ಚಿ. ಹೈಡ್ರೋಜನ್ನಿಗೆ ಹೆಸರುಕಾಳು ಮೊಳಕೆ ಮನೆಯಲ್ಲಿ ಯಾವಾಗಲೂ ಇರುತ್ತದೆ, ನಿಮ್ಮ ಕಾಕು ಬೈಯದಿದ್ದರೆ.

ಆಶೀರ್ವಾದಗಳೊಂದಿಗೆ,
ನಿನ್ನ ಕಾಕಾ