ನಿಮ್ಮ ತಟ್ಟೆಯನ್ನೇ ಪರೀಕ್ಷಿಸಿ ಕಳಿಸುತ್ತೇವೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಿಮ್ಮ ಲ್ಯಾಬಿಗೆ ಜೀವಂತವಾಗಿ ಬರುವ ಸ್ಟೆಮ್ ಸೆಲ್‌ಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶಗಳನ್ನು) ನಾವು ಪರೀಕ್ಷಿಸುವ ರೀತಿ ಬದಲಾಗುತ್ತಿದೆ.

ಇಷ್ಟು ದಿನ ಪ್ರತಿ ಬ್ಯಾಚಿನಿಂದ ಒಂದು ಫ್ಲಾಸ್ಕ್ ತೆಗೆದು, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಅಂಟಿದ್ದ ಕೋಶಗಳನ್ನು ಬಿಡಿಸಿ, ಟ್ರೈಪ್ಯಾನ್ ಬ್ಲೂ ಎಂಬ ಬಣ್ಣ ಬೆರೆಸಿ ಎಣಿಸುತ್ತಿದ್ದೆವು. ಸತ್ತ ಕೋಶ ಬಣ್ಣ ಕುಡಿದು ನೀಲಿಯಾಗುತ್ತದೆ, ಬದುಕಿದ್ದು ಬೆಳ್ಳಗೆ ಹೊಳೆಯುತ್ತದೆ. ಎಣಿಸಿದ ಮೇಲೆ ಅಷ್ಟೂ ಕಸಕ್ಕೆ. ನಿಮಗೆ ಬರುತ್ತಿದ್ದದ್ದು ಪಕ್ಕದ ಫ್ಲಾಸ್ಕಿನ ಕೋಶಗಳು. ಪರೀಕ್ಷೆ ಆಗಿದ್ದು ಒಂದು, ನಿಮ್ಮ ಕೈಸೇರಿದ್ದು ಇನ್ನೊಂದು. ಕಳೆದ ಮಳೆಗಾಲದಲ್ಲಿ ಹೀಗೆ ಎಣಿಕೆಯಲ್ಲಿ ಪಾಸಾದ ಬ್ಯಾಚಿನ ಕೋಶಗಳು ಒಬ್ಬ ಗ್ರಾಹಕರ ಲ್ಯಾಬಿನಲ್ಲಿ ಕೋಶ ಬೆಳೆಸುವ ತಟ್ಟೆಗೆ ಅಂಟಲೇ ಇಲ್ಲ. ಅವರ ಮೂರು ವಾರದ ಕೆಲಸ ಹಾಳಾಯಿತು. ತಪ್ಪು ನಮ್ಮದೇ. ಅವತ್ತಿನಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಇನ್ನು ಮೇಲೆ ನಿಮಗೆ ಬರುವ ತಟ್ಟೆಯನ್ನೇ ರಾಮನ್ ಸ್ಪೆಕ್ಟ್ರೋಸ್ಕೋಪಿಯಿಂದ, ಅಂದರೆ ಚದುರಿದ ಬೆಳಕನ್ನು ಓದಿ, ಪರೀಕ್ಷಿಸುತ್ತೇವೆ. ಸರ್ ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡ ಅದೇ ಪರಿಣಾಮ. 785 ನ್ಯಾನೋಮೀಟರಿನ ಲೇಸರ್ ಬೆಳಕನ್ನು ಕೋಶದ ಮೇಲೆ ಬಿಡುತ್ತೇವೆ. ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಬೆಳಕಿನ ಕಣ ಮಾತ್ರ ಬಣ್ಣ ಬದಲಿಸಿ ಬರುತ್ತದೆ. ಪ್ರೋಟೀನ್, ಕೊಬ್ಬು, ಡಿಎನ್‌ಎ ಒಂದೊಂದರ ಗುರುತೂ ಅದರಲ್ಲಿದೆ. ಕೋಶ ಸಾಯುತ್ತಾ ಬಂದರೆ ಡಿಎನ್‌ಎ ಗುರುತು ಕುಗ್ಗುತ್ತದೆ. ಮೂಳೆಯಾಗಲು ಹೊರಟಿದ್ದರೆ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಎಂದು ತೋರಿಸುವ ಗ್ರಾಫಿನಲ್ಲಿ 960ರ ಬಳಿ (ಅಳತೆ: ಪ್ರತಿ ಸೆಂಟಿಮೀಟರಿಗೆ, cm⁻¹) ಖನಿಜದ ಶಿಖರ ಏಳುತ್ತದೆ. ಬಣ್ಣ ಬೇಡ, ಬಿಡಿಸುವುದೂ ಬೇಡ. ನೀರು ಜಾಸ್ತಿ ಅಡ್ಡ ಬರುವುದಿಲ್ಲ, ಹಾಗಾಗಿ ಕೋಶ ಬದುಕಿರುವಾಗಲೇ ನೋಡಬಹುದು.

ನಿಮಗೆ ಕಣ್ಣಿಗೆ ಬೀಳುವ ಬದಲಾವಣೆ ಅಂದ್ರೆ ತಟ್ಟೆ. ಮಾಮೂಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತಟ್ಟೆಗೆ ಅದೇ ಗ್ರಾಫಿನಲ್ಲಿ 1001ರ ಬಳಿ ಎತ್ತರದ ಶಿಖರವಿದೆ. ಕೋಶದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಶಿಖರ 1003ರ ಬಳಿ. ಎರಡೂ ಒಂದರ ಮೇಲೊಂದು ಕೂತರೆ ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗೆ, ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಕ್ವಾರ್ಟ್ಸ್ ತಟ್ಟೆ. ಅದು ದುಬಾರಿ. ದಯವಿಟ್ಟು ಎಸೆಯಬೇಡಿ, ಕೆಲಸ ಮುಗಿದ ಮೇಲೆ ಆಟೊಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಇಟ್ಟರೆ ನಮ್ಮ ಹುಡುಗರು ಬಂದು ಒಯ್ಯುತ್ತಾರೆ.

ಬೆಳಕು ಎಲ್ಲವನ್ನೂ ಹೇಳುವುದಿಲ್ಲ. ಮೈಕೋಪ್ಲಾಸ್ಮಾ (ಕೋಶಗಳಲ್ಲಿ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ, ಕೋಶದ ಮೇಲ್ಮೈಯ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತು ಪ್ರೋಟೀನ್‌ಗಳ ಪರೀಕ್ಷೆ ಮೊದಲಿನಂತೆಯೇ ಇರುತ್ತವೆ. ಫ್ರೀಜ್ ಮಾಡಿದ ವೈಯಲ್‌ಗಳಲ್ಲಿ ಸದ್ಯಕ್ಕೆ ಬದಲಾವಣೆ ಇಲ್ಲ. ಬೆಲೆಯೂ ಅಷ್ಟೇ. ಆದರೆ ಒಂದೊಂದು ಕೋಶವನ್ನೂ ನಿಧಾನವಾಗಿ ಓದಬೇಕು, ಹಾಗಾಗಿ ಮಧ್ಯಾಹ್ನ ಬರುತ್ತಿದ್ದ ತಟ್ಟೆ ಸಂಜೆಗೆ ಬರುತ್ತದೆ.

ಪ್ರತಿ ತಟ್ಟೆಯ ಜೊತೆ ಅದರದ್ದೇ ಗ್ರಾಫ್ ಇರುತ್ತದೆ. ನಿಮ್ಮಲ್ಲಿ ಕೋಶಗಳು ಬೇರೆ ಥರ ಬೆಳೆದರೆ ಅವತ್ತೇ ಫೋನ್ ಮಾಡಿ. ಗ್ರಾಫ್ ಹಿಡಿದುಕೊಂಡು ನಾವೇ ಬರುತ್ತೇವೆ, ಜೊತೆಗೆ ಕೂತು ನೋಡೋಣ.

ಇಂತಿ ನಿಮ್ಮ,
ಕೋಶ ಬೆಳೆಸುವ ವಿಭಾಗದವರು