ಇಜಿಆರ್ ಮುಚ್ಚಬೇಡಿ, ತೊಳೆಯಿರಿ

ಮಾನ್ಯರೇ,

ಪಿಕಪ್ ಇಲ್ಲ, ಕಪ್ಪು ಹೊಗೆ ಎಂದು ಡೀಸೆಲ್ ಕಾರು ತಂದರೆ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ದಾರಿಗೆ ತಗಡು ಹಾಕಿ ಮುಚ್ಚಿಬಿಡುವ ಗ್ಯಾರೇಜುಗಳಿವೆ. ಹೊಗೆ ತಗ್ಗುತ್ತದೆ ನಿಜ, ಆದರೆ ಕಣ್ಣಿಗೆ ಕಾಣದ ವಿಷಾನಿಲ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ನಮ್ಮ ಎಮಿಷನ್ ಟೆಸ್ಟ್ ಡೀಸೆಲ್ ವಾಹನದಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನಷ್ಟೇ. ಈ ಕಳ್ಳಾಟ ಅಲ್ಲಿ ಸಿಕ್ಕಿಬೀಳುವುದಿಲ್ಲ. ನೈಟ್ರೋಜನ್ ಆಕ್ಸೈಡನ್ನೂ ಅಳೆಯುವಂತಾಗಬೇಕು.

ಹೊಗೆಯ ಮಸಿಗೆ ಎಂಜಿನ್ ಎಣ್ಣೆಯ ಆವಿ ಬೆರೆತು ಇಜಿಆರ್ ವಾಲ್ವಿಗೆ ಡಾಂಬರಿನಂತೆ ಅಂಟುವುದೇ ತೊಂದರೆಯ ಮೂಲ. ಎಂಜಿನ್ ಸರಿಯಾಗಿ ಬಿಸಿಯೇರದ ಗಿಡ್ಡ ಓಡಾಟದಲ್ಲಿ ಇದು ಬೇಗ ಕಟ್ಟುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಹೊಗೆ, ಐಡ್ಲಿಂಗಿನಲ್ಲಿ ನಡುಕ. ಮುಚ್ಚಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಸ್ಕ್ಯಾನರ್‌ನಲ್ಲಿ ಪಿ0401 ಕೋಡ್ (ಇಜಿಆರ್ ಹರಿವು ಸಾಲದು ಎಂಬ ದೋಷಸಂಕೇತ).

ತೊಳೆಯುವುದು ಕಷ್ಟವಲ್ಲ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ವಾಲ್ವ್ ಬಿಚ್ಚಿ, ಕಾರ್ಬ್ ಕ್ಲೀನರ್ (ಮಸಿ ಕರಗಿಸುವ ಸ್ಪ್ರೇ) ಸಿಂಪಡಿಸಿ 15-20 ನಿಮಿಷ ನೆನೆಯಬಿಡಿ. ನೈಲಾನ್ ಬ್ರಷ್‌ನಿಂದ ಉಜ್ಜಿ. ವಾಲ್ವಿನ ಮೋಟರ್ ಭಾಗಕ್ಕೆ ದ್ರವ ಇಳಿಯಬಾರದು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ವಾಲ್ವ್ ಕೂರುವ ಸೀಟ್ ಗೀರಿ ಮತ್ತೆ ಸೋರುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ. ಕೊನೆಗೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ವಾಲ್ವಿನ ಮುಚ್ಚಿದ ಸ್ಥಾನವನ್ನು ಎಂಜಿನ್ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಹಲವು ಕಡೆ ಬಿಟ್ಟುಹೋಗುವ ಹೆಜ್ಜೆ ಇದೇ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲೂ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಮಸಿ ದಪ್ಪಗಿದ್ದರೆ ವಾಲ್ವ್ ಮಾತ್ರ ತೊಳೆದು ಪ್ರಯೋಜನವಿಲ್ಲ.

— ವಾಹನ ತಂತ್ರಜ್ಞರು, ಹುಬ್ಬಳ್ಳಿ